ಹೊಳೆಯೊಳಗಿನ ಗುಡಿ: ಶೆಟ್ಟಿಹಳ್ಳಿಯ ರೋಸರಿ ಚರ್ಚ್



ಹೈದರಾಬಾದಿನಲ್ಲಿರುವ ನಮಗೆ ಚರ್ಚ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕ್ಯಾಥೆಡ್ರಲ್ ಅಥವಾ ಸಿಕಂದರಾಬಾದಿನ ಸೇಂಟ್ ಮೇರೀಸ್. ರಜೆಯಲ್ಲಿ ನೆಂಟರು ಬಂದರೆ ಅವರನ್ನು ಮೆದಕ್‌ಗೆ ಕರೆದುಕೊಂಡು ಹೋಗಿ ಅಲ್ಲಿನ ದೊಡ್ಡ ಕ್ಯಾಥೆಡ್ರಲ್ ತೋರಿಸುತ್ತೇವೆ. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠಾಪನೆಯಾದ ಆ ಕಟ್ಟಡದ ಬಣ್ಣದ ಗಾಜುಗಳನ್ನು ನೋಡಿ ಬೆರಗಾಗದವರಿಲ್ಲ. (ಅದು ಕ್ಯಾಥೊಲಿಕ್ ಅಲ್ಲ, ಈಗ ದಕ್ಷಿಣ ಭಾರತ ಸಭೆಗೆ ಸೇರಿದ್ದು.) ಇವೆಲ್ಲ ಇಂದಿಗೂ ಗಂಟೆ ಬಾರಿಸುವ, ದೀಪ ಹಚ್ಚುವ, ವರ್ಷಕ್ಕೊಮ್ಮೆ ಸುಣ್ಣ ಬಣ್ಣ ಕಾಣುವ ಚರ್ಚುಗಳು.

ಈ ಸಲ ನಿಮ್ಮನ್ನು ಗಂಟೆಯಿಲ್ಲದ, ಛಾವಣಿಯಿಲ್ಲದ, ಬಾಗಿಲೂ ಇಲ್ಲದ ಒಂದು ಚರ್ಚಿಗೆ ಕರೆದೊಯ್ಯುತ್ತೇನೆ. ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಅದು ನಿಂತಿದೆ. ಊರಿನ ಹೆಸರು ಶೆಟ್ಟಿಹಳ್ಳಿ, ಚರ್ಚಿನ ಹೆಸರು ಹೋಲಿ ರೋಸರಿ, ಅಂದರೆ ಜಪಮಾಲೆ ಮಾತೆಯ ದೇವಾಲಯ. ಆದರೆ ಆ ಹೆಸರಿನಿಂದ ಕೇಳಿದರೆ ದಾರಿ ಹೇಳುವವರು ಕಡಿಮೆ. ‘ಮುಳುಗು ಚರ್ಚ್ ಎಲ್ಲಿ?’ ಎಂದು ಕೇಳಿ, ಚಿಕ್ಕ ಮಕ್ಕಳೂ ಕೈ ತೋರಿಸುತ್ತಾರೆ.

ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಈ ಚರ್ಚು ಬಹುಪಾಲು ನೀರಿನಡಿ ಸೇರುತ್ತದೆ. ಗೋಡೆಗಳ ಮೇಲ್ಭಾಗವಷ್ಟೇ ಕಾಣುತ್ತದೆ, ದೂರದಿಂದ ನೋಡಿದರೆ ಕಲ್ಲಿನ ಹಡಗೊಂದು ಲಂಗರು ಹಾಕಿದಂತೆ. ಬೇಸಿಗೆ ಬಂದು ನೀರು ಇಳಿದರೆ ಅದೇ ಚರ್ಚಿನೊಳಗೆ ನೀವು ನಡೆದುಕೊಂಡು ಹೋಗಬಹುದು, ಸುತ್ತಲೂ ದನಗಳು ಮೇಯುತ್ತಿರುತ್ತವೆ. ಇದು ಪ್ರತಿ ವರ್ಷದ ಮಾತು. ಫೋಟೋಗಳಲ್ಲಿ ನೀವು ಈಗಾಗಲೇ ನೋಡಿರಬಹುದು. ಆದರೆ ಫೋಟೋ ಹೇಳದ ಕಥೆ ಒಂದಿದೆ.

ದೊಡ್ಡ ಸ್ವಾಮಿಯವರ ಕಾಲ

ಕಥೆ ಆರಂಭವಾಗುವುದು ಚರ್ಚು ಕಟ್ಟುವುದಕ್ಕೂ ಅರವತ್ತು ವರ್ಷ ಮೊದಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಗೆ ಒಬ್ಬ ಫ್ರೆಂಚ್ ಪಾದ್ರಿ ಬಂದರು. ಅವರು ಅಬ್ಬೆ ಜೆ.ಎ. ದ್ಯುಬ್ವಾ. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದವರು, 1792ರಲ್ಲಿ ಭಾರತಕ್ಕೆ ಬಂದವರು. ಯುದ್ಧದ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಟ್ಟುಗೂಡಿಸುವುದು ಅವರ ಕೆಲಸವಾಗಿತ್ತು.

ದ್ಯುಬ್ವಾ ಇಲ್ಲಿಯವರಂತೆ ಬಟ್ಟೆ ಉಟ್ಟರು, ಇಲ್ಲಿಯವರ ಊಟ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ನಮ್ಮ ದೇಶದ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಪುಸ್ತಕದ ಅಭಿಪ್ರಾಯಗಳನ್ನು ಇಂದು ಯಾರೂ ಇದ್ದಕ್ಕಿದ್ದಂತೆ ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಹಳ್ಳಿಗಳಲ್ಲಿ ಅವರು ಮಾಡಿದ ಎರಡು ಕೆಲಸಗಳನ್ನು ಮರೆಯುವಂತಿಲ್ಲ. ಒಂದು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಿದ್ದು. ಇನ್ನೊಂದು, ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದ್ದು. ಅಂಥ ಒಂದು ನೆಲೆ ಹಾಸನದ ಬಳಿಯ ಸಾತಳ್ಳಿಯಲ್ಲಿತ್ತು. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಶೆಟ್ಟಿಹಳ್ಳಿಯ ಚರ್ಚನ್ನು ಆಲೂರು, ಸಕಲೇಶಪುರ ಕಡೆಯ ಬ್ರಿಟಿಷ್ ಕಾಫಿ ತೋಟದ ಸಾಹೇಬರಿಗಾಗಿ ಕಟ್ಟಿದರು ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಸಿಗುತ್ತದೆ. ತೋಟದವರೂ ಬಂದು ಹೋಗಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನೀವೇ ಯೋಚಿಸಿ ನೋಡಿ. ಬ್ರಿಟಿಷ್ ತೋಟಗಾರರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರು. ಕಟ್ಟಿದವರು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು. ಕಟ್ಟಿದ ಜಾಗ ತೋಟದ ಬೆಟ್ಟವಲ್ಲ, ಹೊಳೆಯ ದಡದ ಗದ್ದೆ ಬಯಲು. ಸುತ್ತಲೂ ಇದ್ದವರು ಕನ್ನಡ ಮಾತಾಡುವ ರೈತ ಕ್ರೈಸ್ತರು. ಹಾಗಾಗಿ ಭಾನುವಾರ ಬೆಳಿಗ್ಗೆ ಆ ಕಮಾನುಗಳ ಕೆಳಗೆ ಮೊಣಕಾಲೂರಿದವರಲ್ಲಿ ಬಹಳ ಮಂದಿ ಕಾಲಿಗೆ ಕೆಸರು ಮೆತ್ತಿಕೊಂಡು ಬಂದವರೇ ಇರಬೇಕು. ಸಾಹೇಬರ ಚರ್ಚು ಎಂದು ಕರೆದರೆ ಆ ಜನರನ್ನು ಕಥೆಯಿಂದ ಹೊರಗೆ ಹಾಕಿದಂತಾಗುತ್ತದೆ.

ದಕ್ಖನ್ನಿನಲ್ಲಿ ಕನ್ನಡ ಕ್ಯಾಥೊಲಿಕರ ಇತಿಹಾಸ ಇದಕ್ಕಿಂತಲೂ ಹಳೆಯದು ಎಂಬುದನ್ನೂ ನೆನಪಿಡಿ. 1956ರ ನವೆಂಬರ್ 1ರವರೆಗೆ ನಮ್ಮ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ, ಅಂದರೆ 16ನೇ ಶತಮಾನದಿಂದ ಕ್ಯಾಥೊಲಿಕ್ ಸಮುದಾಯವಿದೆ.

ಹಳ್ಳಿಗೆ ಬಂದ ಗಾಥಿಕ್ ಶೈಲಿ

ಶೆಟ್ಟಿಹಳ್ಳಿಯ ಈಗಿನ ಕಟ್ಟಡ ಎದ್ದದ್ದು 1860ರ ಸುಮಾರಿಗೆ. ಆಗ ಈ ಸೀಮೆಯೆಲ್ಲ 1850ರಲ್ಲಿ ಸ್ಥಾಪನೆಯಾದ ಮೈಸೂರು ಧರ್ಮಪ್ರಾಂತಕ್ಕೆ ಸೇರಿತ್ತು, ಅದನ್ನು ನಡೆಸುತ್ತಿದ್ದವರು ಅದೇ ಪ್ಯಾರಿಸ್ ಮಿಷನ್ನಿನ ಪಾದ್ರಿಗಳು. (1963ರಿಂದ ಹಾಸನ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದೆ.) ಆ ಕಾಲದಲ್ಲಿ ಫ್ರಾನ್ಸಿನಲ್ಲಿ ಹಳೆಯ ಗಾಥಿಕ್ ಶೈಲಿಯ ಹುಚ್ಚು ಮತ್ತೆ ಹತ್ತಿತ್ತು. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನ ದೊಡ್ಡ ದುರಸ್ತಿ 1840ರ ದಶಕದಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆಯಿತು. ಅಲ್ಲಿಂದ ಬಂದ ಪಾದ್ರಿಗಳಿಗೆ ದೇವರ ಮನೆ ಅಂದರೆ ಹೀಗೇ ಇರಬೇಕು ಎಂಬ ಚಿತ್ರ ಮನಸ್ಸಿನಲ್ಲಿತ್ತು. ಬೆಂಗಳೂರಿನ ಶಿವಾಜಿನಗರದಲ್ಲಿ 1882ರಲ್ಲಿ ಪ್ರತಿಷ್ಠಾಪನೆಯಾದ ಸೇಂಟ್ ಮೇರೀಸ್ ಕೂಡ ಇದೇ ಮನೆತನದ್ದು. 1933ರಲ್ಲಿ ಅಡಿಗಲ್ಲು ಹಾಕಿದ ಮೈಸೂರಿನ ಸಂತ ಫಿಲೋಮಿನಾ ಚರ್ಚು ಈ ಸಾಲಿನ ಅತಿ ದೊಡ್ಡ ತಂಗಿ.

ಗಾಥಿಕ್ ಎಂದರೆ ಏನು? ಸುಲಭವಾಗಿ ಹೇಳುತ್ತೇನೆ. ಎರಡು ಕೈಗಳನ್ನು ಜೋಡಿಸಿ ನಮಸ್ಕಾರ ಮಾಡಿ, ಬೆರಳ ತುದಿಗಳನ್ನು ಹಾಗೇ ಬಿಟ್ಟು ಅಂಗೈಗಳನ್ನು ಸ್ವಲ್ಪ ಅಗಲಿಸಿ. ಅದೇ ಗಾಥಿಕ್ ಕಮಾನು. ಅರ್ಧ ಚಂದ್ರದಂಥ ಕಮಾನು ತನ್ನ ಮೇಲಿನ ಭಾರವನ್ನು ಎರಡೂ ಪಕ್ಕಕ್ಕೆ ಜೋರಾಗಿ ತಳ್ಳುತ್ತದೆ, ಅದಕ್ಕೆ ದಪ್ಪ ಗೋಡೆ ಬೇಕು. ತುದಿ ಚೂಪಾದ ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ, ಪಕ್ಕಕ್ಕೆ ತಳ್ಳುವುದು ಕಡಿಮೆ. ಹೀಗಾಗಿ ಗೋಡೆ ಎತ್ತರಕ್ಕೆ ಹೋಗಬಹುದು, ಕಿಟಕಿ ದೊಡ್ಡದಾಗಬಹುದು, ಒಳಗೆ ಬೆಳಕು ಬರುತ್ತದೆ. ಪ್ಯಾರಿಸಿನ ಹತ್ತಿರದ ಸೇಂಟ್ ಡೆನಿಸ್ ಮಠದಲ್ಲಿ 1140ರ ದಶಕದಲ್ಲಿ ಈ ಉಪಾಯ ರೂಪ ತಳೆಯಿತು. ಏಳುನೂರು ವರ್ಷಗಳ ಮೇಲೆ ಅದು ಹೇಮಾವತಿಯ ದಡಕ್ಕೆ ಬಂತು. ಹಾಗೆಂದು ನಮಗೆ ಇದು ಅಪರಿಚಿತವೇನಲ್ಲ. ಗೋಲ್ಕೊಂಡದಲ್ಲಿ, ಕುತುಬ್‌ಶಾಹಿ ಗೋರಿಗಳಲ್ಲಿ, ಬೀದರ್ ಕೋಟೆಯಲ್ಲಿ ಚೂಪು ತುದಿಯ ಕಮಾನುಗಳನ್ನು ನೀವು ನೋಡಿಯೇ ಇದ್ದೀರಿ. ಆ ಪರಂಪರೆ ಬೇರೆ, ಆದರೆ ಭಾರ ಇಳಿಸುವ ಲೆಕ್ಕ ಒಂದೇ.

ಶೆಟ್ಟಿಹಳ್ಳಿಯಲ್ಲಿ ಒಳಗೆ ಕಾಲಿಟ್ಟರೆ ಉದ್ದನೆಯ ಅಂಗಣ, ಎರಡೂ ಬದಿಯಲ್ಲಿ ಚೂಪು ತುದಿಯ ಕಮಾನುಗಳ ಸಾಲು, ಕೊನೆಯಲ್ಲಿ ಪೂಜಾಪೀಠವಿದ್ದ ಕಡೆ ಒಳಕ್ಕೆ ಬಾಗಿದ ಗೋಡೆ. ಛಾವಣಿ ಇಲ್ಲದ ಕಾರಣ ಕಮಾನಿನ ಮೇಲೆ ನೇರವಾಗಿ ಆಕಾಶ. ಗಾರೆ ಉದುರಿದ ಕಡೆ ಕೆಂಪು ಇಟ್ಟಿಗೆ ಹಲ್ಲು ಬಿಟ್ಟಿದೆ. ಕಟ್ಟಡ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಬಣ್ಣ ಬಳಿದ ಚರ್ಚಿನಲ್ಲಿ ಮುಚ್ಚಿಹೋಗುವ ಎಲುಬುಗಳೆಲ್ಲ ಇಲ್ಲಿ ಬಿಚ್ಚಿಟ್ಟಂತಿವೆ.

ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ ಎಂದು ಅಲ್ಲಿ ಹೋದವರಿಗೆಲ್ಲ ಹೇಳುತ್ತಾರೆ. ಇದು ಶೆಟ್ಟಿಹಳ್ಳಿಯದಷ್ಟೇ ಮಾತಲ್ಲ. ಸಿಮೆಂಟ್ ಬರುವ ಮೊದಲು ದಕ್ಷಿಣ ಭಾರತದಲ್ಲೆಲ್ಲ ಸುಟ್ಟ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ, ಮೊಟ್ಟೆಯ ಬಿಳಿ ಬೆರೆಸಿ ಗಾಣದಲ್ಲಿ ಅರೆಯುತ್ತಿದ್ದರು. 1591ರ ಚಾರ್‌ಮಿನಾರ್ ನಿಂತಿರುವುದೂ ಸುಣ್ಣದ ಗಾರೆಯ ಮೇಲೆಯೇ. ಸುಣ್ಣದ ಗಾರೆ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ, ಸ್ವಲ್ಪ ಬಾಗುತ್ತದೆ, ಸಣ್ಣ ಬಿರುಕನ್ನು ತಾನೇ ತುಂಬಿಕೊಳ್ಳುತ್ತದೆ. ಈ ಚರ್ಚು ದಶಕಗಳ ಕಾಲ ನೀರಿನ ಹೊಡೆತ ತಡೆದು ನಿಂತಿದ್ದರೆ ಅದರ ಹಿರಿಮೆ ಹೆಸರು ಗೊತ್ತಿಲ್ಲದ ಆ ಗಾರೆ ಕೆಲಸದವರಿಗೆ ಸಲ್ಲಬೇಕು.

ನೀರು ಬಂದ ವರ್ಷ

ಹೇಮಾವತಿ ಕಾವೇರಿಯ ಉಪನದಿ. ಮೂಡಿಗೆರೆ ತಾಲ್ಲೂಕಿನ ಘಟ್ಟದಲ್ಲಿ ಹುಟ್ಟಿ ಸಕಲೇಶಪುರ ದಾಟಿ ಬಂದು ಮುಂದೆ ಕನ್ನಂಬಾಡಿಯ ಬಳಿ ಕಾವೇರಿಯನ್ನು ಸೇರುತ್ತಾಳೆ. ಅವಳಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದರು. ಗೊರೂರು ಎಂದರೆ ನಿಮಗೆ ಕೂಡಲೇ ಗೊರೂರು ರಾಮಸ್ವಾಮಿ ಅಯ್ಯಂಗಾರರು ನೆನಪಾಗಬೇಕು. ಹಳ್ಳಿಯ ಬದುಕನ್ನು ನಗುನಗುತ್ತಾ ಬರೆದ ಅವರ ಊರೇ ಅದು.

ಅಣೆಕಟ್ಟು ಪೂರ್ತಿಯಾದದ್ದು 1979ರಲ್ಲಿ. ಉದ್ದ 4,692 ಮೀಟರ್, ಎತ್ತರ 44.5 ಮೀಟರ್. ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಎಷ್ಟೋ ಒಣ ಹೊಲಗಳಿಗೆ ಇದರಿಂದ ನೀರು ಬಂತು. ಅಲ್ಲಿ ತೆಂಗು ಬೆಳೆದವರಿಗೆ, ಭತ್ತ ನಾಟಿ ಮಾಡಿದವರಿಗೆ ಈ ಅಣೆಕಟ್ಟು ವರದಾನ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀರು ನಿಲ್ಲಲು ಜಾಗ ಬೇಕಲ್ಲ? ಹೊಳೆಯ ಎರಡೂ ದಡದ ಹಳ್ಳಿಗಳು, ಗದ್ದೆಗಳು, ಗುಡಿಗಳು, ಸಮಾಧಿಗಳು ಆ ಜಾಗವಾದವು. ಶೆಟ್ಟಿಹಳ್ಳಿಯವರು ಮೇಲಿನ ದಿಬ್ಬಗಳಿಗೆ ಎದ್ದು ಹೋದರು. ಹೊಸ ಊರು, ಹೊಸ ಪ್ರಾರ್ಥನಾ ಮಂದಿರ. ಹಳೆಯ ಚರ್ಚು ಇದ್ದಲ್ಲೇ ಉಳಿಯಿತು.

ಏಕೆ ಉಳಿಯಿತು? ಇದು ನನ್ನನ್ನು ಬಹಳ ಕಾಡಿದ ಪ್ರಶ್ನೆ. ನಮ್ಮ ಸುತ್ತಮುತ್ತಲೇ ಇದಕ್ಕೆ ಹೋಲಿಕೆಗಳಿವೆ. ನಾಗಾರ್ಜುನಸಾಗರ ತುಂಬುವ ಮೊದಲು, 1954ರಿಂದ 1960ರವರೆಗೆ ನಾಗಾರ್ಜುನಕೊಂಡದ ಕಣಿವೆಯನ್ನು ಅಗೆದು, ಬೌದ್ಧ ಅವಶೇಷಗಳಲ್ಲಿ ಮುಖ್ಯವಾದವನ್ನು ಎತ್ತಿ ಬೆಟ್ಟದ ಮೇಲೆ ಮತ್ತೆ ಜೋಡಿಸಿದರು. ದೋಣಿಯಲ್ಲಿ ಹೋಗಿ ನೀವು ನೋಡಿರುವುದು ಅವನ್ನೇ. ಶ್ರೀಶೈಲಂ ಅಣೆಕಟ್ಟು ಬಂದಾಗ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದರು. ಬಾದಾಮಿ ಚಾಲುಕ್ಯರ ಗುಡಿ ಅದು, ನಮ್ಮವರದೇ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಇದ್ದಲ್ಲೇ ಕಾಪಾಡಿದರು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಗೆ ಎಷ್ಟೋ ದಶಕ ಕಾಯಬೇಕಾಯಿತು. ಕೊನೆಗೆ ಖೋಡೇ ಪ್ರತಿಷ್ಠಾನ ಅದನ್ನು ದಡದ ಮೇಲೆ ಮತ್ತೆ ನಿಲ್ಲಿಸಿತು.

ಇವೆಲ್ಲ ಉಳಿದವು, ಶೆಟ್ಟಿಹಳ್ಳಿ ಉಳಿಯಲಿಲ್ಲ ಎಂದ ಕೂಡಲೇ ನಿಮ್ಮ ಮನಸ್ಸಿಗೆ ಬರುವ ಅನುಮಾನ ನನಗೂ ಬಂದಿತ್ತು. ಆದರೆ ಅದಕ್ಕೆ ಮೊದಲು ಕಟ್ಟಡದ ಮಾತು ಕೇಳಿ. ನಮ್ಮ ಹಳೆಯ ಕಲ್ಲಿನ ಗುಡಿಗಳು ಹೆಚ್ಚಾಗಿ ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದವು. ಒಂದೊಂದು ಕಲ್ಲಿಗೂ ನಂಬರು ಬರೆದು, ಬಿಚ್ಚಿ, ಬೇರೆಡೆ ಅದೇ ಕ್ರಮದಲ್ಲಿ ಜೋಡಿಸಬಹುದು. ಇಟ್ಟಿಗೆ ಮತ್ತು ಸುಣ್ಣದ ಗೋಡೆ ಹಾಗಲ್ಲ. ಅದು ಒಂದೇ ಮುದ್ದೆ. ಬಿಚ್ಚಿದರೆ ಸಿಗುವುದು ಚರ್ಚಲ್ಲ, ಇಟ್ಟಿಗೆ ಚೂರಿನ ರಾಶಿ. ಅದನ್ನು ಸಾಗಿಸುವುದೆಂದರೆ ಹೊಸದಾಗಿ ಕಟ್ಟುವುದೇ.

ಇನ್ನೊಂದು ಕಾರಣವೂ ಇದೆ. ಆಗ ಆ ಕಟ್ಟಡಕ್ಕೆ ನೂರಿಪ್ಪತ್ತು ವರ್ಷವಷ್ಟೇ ಆಗಿತ್ತು. ಸಾವಿರ ವರ್ಷದ ಗುಡಿಯನ್ನು ಸ್ಮಾರಕ ಎನ್ನುತ್ತೇವೆ, ನೂರು ವರ್ಷದ ಚರ್ಚನ್ನು ಹಳೆಯ ಕಟ್ಟಡ ಎನ್ನುತ್ತೇವೆ. ಅದರ ಮೇಲೆ ಅದು ರಾಜರು ಕಟ್ಟಿಸಿದ್ದಲ್ಲ, ಹಳ್ಳಿಯ ಚರ್ಚು. ಹಾಗೆ ನೋಡಿದರೆ ಕರ್ನೂಲಿನ ಕಡೆಯ ಸಂಗಮೇಶ್ವರಂ ಗುಡಿಯೂ ಶ್ರೀಶೈಲಂ ಹಿನ್ನೀರಿನಲ್ಲಿ ಇಂದಿಗೂ ಮುಳುಗಿ ಏಳುತ್ತಿದೆ. ಬೇಸಿಗೆಯಲ್ಲಿ ಎದ್ದಾಗ ಅಲ್ಲಿ ಪೂಜೆಯೂ ನಡೆಯುತ್ತದೆ. ನೀರಿಗೆ ಧರ್ಮಭೇದವಿಲ್ಲ. ಯಾವುದನ್ನು ಎತ್ತಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ನಾವು.

ಇಂದು ಆಗುತ್ತಿರುವುದು

ಪೂರ್ತಿ ನೀರೊಳಗೇ ಇದ್ದಿದ್ದರೆ ಆ ಗೋಡೆಗಳು ಇನ್ನೂ ಹೆಚ್ಚು ಕಾಲ ಬಾಳುತ್ತಿದ್ದವೋ ಏನೋ. ಪೂರ್ತಿ ಒಣ ನೆಲದಲ್ಲಿದ್ದಿದ್ದರಂತೂ ಖಂಡಿತ. ಕೊಲ್ಲುವುದು ಈ ಮುಳುಗಿ ಏಳುವ ಆಟ. ಮಳೆಗಾಲದಲ್ಲಿ ಇಟ್ಟಿಗೆ ನೀರು ಹೀರುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ. ನೀರಿನಲ್ಲಿ ಕರಗಿದ್ದ ಲವಣ ಇಟ್ಟಿಗೆಯ ಮೇಲ್ಪದರದಲ್ಲಿ ಹರಳುಗಟ್ಟಿ ಅದನ್ನು ಒಳಗಿನಿಂದಲೇ ಸಿಡಿಸುತ್ತದೆ. ನೀರು ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದು ಒಯ್ಯುತ್ತದೆ. ಅಲೆಗಳು ಅಡಿಪಾಯದ ಮಣ್ಣನ್ನು ಕೆರೆಯುತ್ತವೆ. ಬಿರುಕಿನಲ್ಲಿ ಹಕ್ಕಿ ಹಾಕಿದ ಬೀಜ ಮೊಳೆತರೆ ಅದರ ಬೇರು ಉಳಿದ ಕೆಲಸ ಮುಗಿಸುತ್ತದೆ. ಗೋಡೆಯ ಭಾಗಗಳು ಒಂದೊಂದಾಗಿ ಬೀಳುತ್ತಾ ಬಂದಿವೆ.

ಚೂಪು ಕಮಾನಿನ ಲೆಕ್ಕವನ್ನು ಮೇಲೆ ಹೇಳಿದೆನಲ್ಲ, ಅದನ್ನು ಇಲ್ಲಿ ಮತ್ತೆ ನೆನಪಿಸಿಕೊಳ್ಳಿ. ಸಾಲಿನಲ್ಲಿರುವ ಕಮಾನುಗಳು ಒಂದರ ಭುಜಕ್ಕೆ ಇನ್ನೊಂದು ಆತು ನಿಂತಿರುತ್ತವೆ. ಒಂದು ಬಿದ್ದರೆ ಪಕ್ಕದ್ದಕ್ಕೆ ಆಸರೆ ತಪ್ಪುತ್ತದೆ. ಆದ್ದರಿಂದ ಇಂಥ ಕಟ್ಟಡ ನಿಧಾನವಾಗಿ ಹಳತಾಗಿ, ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. 2019ರ ಮೇ ತಿಂಗಳಲ್ಲಿ ನಮ್ಮ ಚಾರ್‌ಮಿನಾರಿನ ಒಂದು ಮಿನಾರಿನಿಂದ ಗಾರೆಯ ತುಂಡು ಕಳಚಿ ಬಿದ್ದಾಗ ಊರೆಲ್ಲ ಗಾಬರಿಯಾಯಿತು, ಪುರಾತತ್ತ್ವ ಇಲಾಖೆಯವರು ಓಡಿ ಬಂದರು. ಶೆಟ್ಟಿಹಳ್ಳಿಯಲ್ಲಿ ಅಂಥ ತುಂಡುಗಳು ಸದ್ದಿಲ್ಲದೆ ನೀರಿಗೆ ಬೀಳುತ್ತವೆ.

ಇದರ ಜೊತೆಗೆ ನಾವೂ ಸೇರಿಕೊಂಡಿದ್ದೇವೆ. ಗೋಡೆಯ ಮೇಲೆ ಹೆಸರು ಕೆತ್ತುವುದು, ಫೋಟೋಗಾಗಿ ಕಮಾನಿನ ಮೇಲೆ ಹತ್ತುವುದು, ಬಾಟಲಿ ಒಡೆಯುವುದು. ಪಾಳು ಬಿದ್ದಿದೆ ಎಂದ ಮಾತ್ರಕ್ಕೆ ಅದು ವಾರಸುದಾರರಿಲ್ಲದ ಮನೆಯಲ್ಲ. ಅಲ್ಲಿ ನಾಮಕರಣವಾದವರು, ಮದುವೆಯಾದವರು ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಅಜ್ಜನ ಮನೆಯ ಗೋಡೆಯ ಮೇಲೆ ಯಾರೋ ಬಂದು ಹೆಸರು ಗೀಚಿದರೆ ನಿಮಗೆ ಹೇಗನ್ನಿಸುತ್ತದೆ?

ಹೋಗುವುದಾದರೆ

ಕಾಚಿಗುಡದಿಂದ ರಾತ್ರಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ಹಾಸನ. ಹಾಸನದಿಂದ ಶೆಟ್ಟಿಹಳ್ಳಿಗೆ ಆಟೋ ಅಥವಾ ಬಾಡಿಗೆ ಕಾರು. ಮುಳುಗಿದ ನೋಟ ಬೇಕಾದರೆ ಮಳೆಗಾಲದ ಕೊನೆಗೆ ಹೋಗಿ, ದಡದಿಂದಲೇ ನೋಡಿ. ಒಳಗೆ ನಡೆಯಬೇಕಾದರೆ ನೀರಿಳಿದ ಬೇಸಿಗೆಯಲ್ಲಿ ಹೋಗಿ. ಮಳೆ ಕಡಿಮೆಯಾದ ವರ್ಷ ಜಲಾಶಯ ತುಂಬುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಿ. ಗೋಡೆಗಳಿಂದ ದೂರ ನಿಲ್ಲಿ, ಮಕ್ಕಳ ಕೈ ಬಿಡಬೇಡಿ. ಸಮಯವಿದ್ದರೆ ಹೊಸ ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ ಬನ್ನಿ. ಕಟ್ಟಡ ಹೇಳದ್ದನ್ನು ಅವರು ಹೇಳುತ್ತಾರೆ.

ಕೊನೆಯದಾಗಿ ಒಂದು ಮಾತು. 1908ರ ಮೂಸಿ ಪ್ರವಾಹದ ನಂತರ ಈ ನಗರಕ್ಕೆ ಬಂದು ದಾರಿ ತೋರಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ ಆ ಸಲಹೆಯ ಫಲ. ಕನ್ನಂಬಾಡಿ ಕಟ್ಟೆಯ ಹಿಂದೆ ನಿಂತವರೂ ಅವರೇ. ಇಂದು ಹೈದರಾಬಾದಿನ ನಲ್ಲಿಗಳಿಗೆ ನಾಗಾರ್ಜುನಸಾಗರದಿಂದ ಕೃಷ್ಣೆಯ ನೀರೂ ಬರುತ್ತಿದೆ. ಅಣೆಕಟ್ಟು ಬೇಡವೆಂದು ನೀರು ಕುಡಿಯುವ ನಾವು ಹೇಳಲಾರೆವು. ಆದರೆ ಒಂದೊಂದು ಜಲಾಶಯದ ಅಡಿಯಲ್ಲೂ ಯಾರದೋ ಹೊಸಿಲು, ಯಾರದೋ ದೇವರ ಮನೆ ಇದೆ. ಬಹುತೇಕ ಎಲ್ಲವೂ ಕಾಣದಂತೆ ಮುಳುಗಿವೆ. ಶೆಟ್ಟಿಹಳ್ಳಿಯ ಚರ್ಚು ಮಾತ್ರ ವರ್ಷಕ್ಕೊಮ್ಮೆ ತಲೆ ಎತ್ತಿ ಆ ಲೆಕ್ಕವನ್ನು ನಮಗೆ ನೆನಪಿಸುತ್ತದೆ. ಅದು ಪೂರ್ತಿ ಬಿದ್ದುಹೋಗುವ ಮೊದಲು ಒಮ್ಮೆ ನೋಡಿ ಬನ್ನಿ. ನೋಡಿ ಬಂದವರು ನಮಗೊಂದು ಕಾರ್ಡು ಬರೆಯಿರಿ. ನಿಮ್ಮ ಊರಿನ ಕಡೆ ನೀರಿನಲ್ಲಿ ಮುಳುಗಿದ ಗುಡಿ, ಮಸೀದಿ, ಚರ್ಚು ಯಾವುದಾದರೂ ಇದ್ದರೆ ಅದರ ಕಥೆಯನ್ನೂ ಬರೆದು ಕಳಿಸಿ.